‘ನನ್ನ ಸತ್ಯ, ನಿನ್ನ ಸತ್ಯ’: ಈ ಜಗಳದ ಬೇರು ಎಲ್ಲಿದೆ?

ಟ್ರಂಪ್ ಪ್ರಮಾಣವಚನಕ್ಕೆ ಎಷ್ಟು ಜನ ಸೇರಿದ್ದರು ಎಂಬ ತಕರಾರು 2017ರ ಜನವರಿಯಲ್ಲಿ ಎದ್ದಾಗ, ಅವರ ಸಲಹೆಗಾರ್ತಿ ಕೆಲಿಯಾನ್ ಕಾನ್ವೇ ಟಿ.ವಿ.ಯಲ್ಲಿ ಕೂತು ‘ಪರ್ಯಾಯ ಸತ್ಯಾಂಶ’ಗಳ ಮಾತಾಡಿದರು. ಅದಾದದ್ದೇ ತಡ, ಇದೆಲ್ಲ ಫ್ರಾನ್ಸಿನ ಮೇಷ್ಟ್ರುಗಳ ಕಿತಾಪತಿ, ಎಲ್ಲರಿಗೂ ಒಂದೇ ಸತ್ಯ ಎಂಬುದನ್ನೇ ಶಂಕಿಸುವ ಆಧುನಿಕೋತ್ತರವಾದದ ಫಲ ಎಂಬ ದೂರು ಜೋರಾಯಿತು. ಟ್ರಂಪ್ ಕೂತು ಆ ಮೇಷ್ಟ್ರುಗಳಲ್ಲೊಬ್ಬನಾದ ಫೂಕೋನನ್ನು ಓದಿದ್ದಾರೆಂದು ನಂಬುವುದು ಕಷ್ಟ. ಆದರೆ ದೂರು ಪೂರ್ತಿ ಪೊಳ್ಳೂ ಅಲ್ಲ.

‘ಸಂಗತಿಗಳಿಲ್ಲ, ವ್ಯಾಖ್ಯಾನಗಳಷ್ಟೇ ಇವೆ’ ಎಂದು ಜರ್ಮನ್ ತತ್ವಜ್ಞಾನಿ ನೀಷೆ ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡು ತೊಂಬತ್ತು ವರ್ಷ, ಎರಡು ಮಹಾಯುದ್ಧ ಕಳೆದ ಮೇಲೆ, 1979ರಲ್ಲಿ ಫ್ರಾನ್ಸಿನ ತತ್ವಜ್ಞಾನಿ ಲಿಯೋತಾರ್ ‘ಮಹಾಕಥನಗಳ’, ಅಂದರೆ ಎಲ್ಲವನ್ನೂ ವಿವರಿಸುತ್ತೇವೆನ್ನುವ ದೊಡ್ಡ ಕಥೆಗಳ, ‘ಮೇಲಿನ ಅಪನಂಬಿಕೆ’ಯೇ ಈ ಕಾಲದ ಲಕ್ಷಣ ಎಂದ. ಆ ಮಾತು ಬಂದದ್ದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಂಡಳಿಯೊಂದು ಬರೆಸಿದ ಸರ್ಕಾರಿ ವರದಿಯಲ್ಲಿ ಎಂದರೆ ಈಗ ನಗು ಬರುತ್ತದೆ. ಅಷ್ಟರಲ್ಲಾಗಲೇ ಫೂಕೋ, ಯಾವುದು ಸತ್ಯ ಅನ್ನಿಸಿಕೊಳ್ಳಬೇಕು ಎಂಬುದರಲ್ಲಿ ಅಧಿಕಾರದ ಕೈವಾಡ ತೋರಿಸಿದ್ದ. ಹುಚ್ಚರೆಂದು ಕೂಡಿಹಾಕಿಸಿಕೊಂಡವರ ಕಡೆಯಿಂದ ನೋಡಿದರೆ ಆ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕಿತ್ತು.

ಎಡವಟ್ಟಾದದ್ದು ಈ ವಿಚಾರ ಅಮೆರಿಕದ ಕ್ಯಾಂಪಸ್‌ಗಳಲ್ಲಿ ಫ್ಯಾಷನ್ ಆದ ಮೇಲೆ. ‘ಸತ್ಯದ ಹಿಂದೆ ಅಧಿಕಾರವಿದೆ’ ಎಂಬುದು ‘ಅಧಿಕಾರ ಬಿಟ್ಟರೆ ಸತ್ಯವೇ ಇಲ್ಲ’ ಎಂಬಲ್ಲಿಗೆ ಜಾರಿತು. 1996ರಲ್ಲಿ ಭೌತವಿಜ್ಞಾನಿ ಅಲನ್ ಸೋಕಲ್ ‘ಸೋಶಿಯಲ್ ಟೆಕ್ಸ್ಟ್’ ಪತ್ರಿಕೆಗೆ ಬೇಕೆಂದೇ ಅಸಂಬದ್ಧ ಲೇಖನವೊಂದನ್ನು ಕಳಿಸಿದರು. ಸ್ಥಿರವೆಂದು ನಾವು ನಂಬಿದ್ದ ಯೂಕ್ಲಿಡ್‌ನ ಪೈ, ನ್ಯೂಟನ್ನನ ಗುರುತ್ವ ಸ್ಥಿರಾಂಕಗಳೂ ಇತಿಹಾಸದ ಕೂಸುಗಳೇ ಎಂಬ ಧಾಟಿಯ ಸಾಲು ಅದರಲ್ಲಿತ್ತು. ಪಿಯುಸಿ ಹುಡುಗರೂ ನಗುವಂಥದ್ದು. ಸಂಪಾದಕರು ಅಚ್ಚು ಹಾಕಿದರು. ಸೋಕಲ್ ಗುಟ್ಟು ಬಿಟ್ಟುಕೊಟ್ಟಾಗ ಬಲಪಂಥೀಯರು ಚಪ್ಪಾಳೆ ತಟ್ಟಿದರು. ಆದರೆ ಸೋಕಲ್ ಹಳೇ ಎಡಪಂಥೀಯರು. ಅರ್ಥಗಳನ್ನೆಲ್ಲ ಬಿಚ್ಚಿ ಕೆದಕುವ ಈ ‘ನಿರಚನೆ’ಯಿಂದ ದುಡಿಯುವವರಿಗೆ ಏನು ಸಿಕ್ಕೀತು ಎಂಬುದು ಅವರ ತಕರಾರು. ಅದನ್ನು ಕೇಳಿಸಿಕೊಂಡವರು ಕಡಿಮೆ.

ನಮ್ಮಲ್ಲೂ ವಿಜ್ಞಾನದ ಬಗ್ಗೆ ಬರೆಯುವ ಲೇಖಕಿ ಮೀರಾ ನಂದಾ 2003ರ ಹೊತ್ತಿಗೇ, ವಿಜ್ಞಾನ ಪಶ್ಚಿಮದ್ದೊಂದು ಕಥನವಷ್ಟೇ ಎಂಬ ವಾದ ‘ವೇದ ವಿಜ್ಞಾನ’ದವರಿಗೆ ಒದಗುತ್ತಿದೆ ಎಂದು ಬರೆದಿದ್ದರು. ಅಂಗಳ ಗುಡಿಸಿದವರು ಒಬ್ಬರು, ರಂಗೋಲಿ ಹಾಕಿದವರು ಇನ್ನೊಬ್ಬರು.

ಸಂಶಯ ಮಾರುವ ಕಸುಬು ಮಾತ್ರ ಇದಕ್ಕಿಂತ ಹಳೆಯದು. ‘ಸಂಶಯವೇ ನಮ್ಮ ಸರಕು’ ಎಂದು ಅಮೆರಿಕದ ಸಿಗರೇಟು ಕಂಪನಿಯೊಂದರ ಒಳಟಿಪ್ಪಣಿ ಹೇಳಿದ್ದು 1969ರಲ್ಲಿ, ಲಿಯೋತಾರ್ ವರದಿಗಿಂತ ಹತ್ತು ವರ್ಷ ಮೊದಲು. ಹವಾಮಾನ ಬದಲಾವಣೆ ಇನ್ನೂ ಖಚಿತವಲ್ಲ ಎಂದು ಹೇಳುತ್ತಲೇ ಇರಿ ಎಂದು ರಿಪಬ್ಲಿಕನ್ ತಂತ್ರಗಾರರೊಬ್ಬರು ಪಕ್ಷದವರಿಗೆ ಕೊಟ್ಟ ಸಲಹೆಯೂ ಅದೇ ಕಸುಬಿನದು.

ಆ ಸಲಹೆಯ ಸುದ್ದಿ ಓದಿ ಬೆಚ್ಚಿದವರು ಫ್ರಾನ್ಸಿನ ಚಿಂತಕ ಬ್ರೂನೋ ಲಾತೂರ್. ವಿಜ್ಞಾನದ ಸತ್ಯಗಳು ಪ್ರಯೋಗಾಲಯದಲ್ಲಿ ಹೇಗೆ ‘ಕಟ್ಟಲ್ಪಡುತ್ತವೆ’ ಎಂದು ಜೀವಮಾನವಿಡೀ ಬರೆದವರು, 2004ರಲ್ಲಿ ‘ನಾನು ತಪ್ಪು ಮಾಡಿದೆನೇ?’ ಎಂದು ಬಹಿರಂಗವಾಗಿ ಕೇಳಿಕೊಂಡರು. ಮಧ್ಯ ಫ್ರಾನ್ಸಿನ ಬೂರ್ಬೊನೆ ಸೀಮೆಯ ಹಳ್ಳಿಯಲ್ಲಿ ಅವರ ನೆರೆಯವನೊಬ್ಬನಿದ್ದ. 2001ರಲ್ಲಿ ಅಮೆರಿಕದ ಮೇಲೆ ದಾಳಿ ಮಾಡಿದ್ದು ಭಯೋತ್ಪಾದಕರು ಎಂದು ಇನ್ನೂ ನಂಬಿದ್ದ ಲಾತೂರರನ್ನು ಅವನು ಶುದ್ಧ ಮುಗ್ಧನೆಂಬಂತೆ ನೋಡುತ್ತಿದ್ದನಂತೆ.