ಕೋಣೆ ತುಂಬಿತು, ಗಲ್ಲಾ ತುಂಬಲಿಲ್ಲ

ಏಪ್ರಿಲ್ ಹತ್ತಿರ ಬಂತೆಂದರೆ ಬೆಂಗಳೂರಿನ ಟ್ರಾವೆಲ್ ಏಜೆಂಟರ ಫೋನ್ ಶುರು. ‘ಹಾಕಿ ಹಬ್ಬ ಅಲ್ವಾ ಸಾರ್, ರೇಟ್ ಎಷ್ಟು ಏರಿಸಿದ್ದೀರಿ?’ ಏರಿಸಿಲ್ಲ ಎಂದರೆ ನಂಬುವುದಿಲ್ಲ. ದಕ್ಷಿಣ ಕೊಡಗಿನಲ್ಲಿ ಹೋಂಸ್ಟೇ ನಡೆಸುವ ನನಗೆ ಆ ದಿನಗಳಲ್ಲಿ ಕೋಣೆಯೇನೋ ತುಂಬುತ್ತದೆ. ಮಲಗುವವರು ಮಾತ್ರ ಭಾವ, ಭಾವನ ಮಕ್ಕಳು, ಅವರ ಗೆಳೆಯರು. ಅವರ ಕೈಗೆ ಬಿಲ್ ಕೊಟ್ಟು ನೋಡಿ!

1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಆರಂಭಿಸಿದಾಗ ಆಡಿದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಸೇರಿ ಗಿನ್ನೆಸ್ ದಾಖಲೆಯಾಯಿತು. ಒಂದೊಂದು ಸಲ ಒಂದೊಂದು ಒಕ್ಕದ, ಅಂದರೆ ಮನೆತನದ, ಆತಿಥ್ಯ, ಕಪ್‌ಗೂ ಅದರದೇ ಹೆಸರು. ಕ್ರೀಡಾ ಪ್ರವಾಸೋದ್ಯಮದ ಸಭೆಗಳಲ್ಲಿ ಕೊಡಗು ಎಂದೊಡನೆ ಇದೇ ಉದಾಹರಣೆ. ನನ್ನ ಲೆಕ್ಕದಲ್ಲಿ ಇದು ನೆಂಟರ ಹಬ್ಬ. ದುಡ್ಡು ಹೋಗುವುದು ಮೈದಾನದ ಬದಿಯ ಕ್ಯಾಂಟೀನು, ಆಟೋ, ಪೆಟ್ರೋಲ್ ಬಂಕು, ಹಂದಿ ಮಾಂಸದ ಅಂಗಡಿಗೆ. ಹೋಗಲಿ ಬಿಡಿ. ಪ್ಯಾಕೇಜ್ ಮಾಡಿ ಮಾರಹೊರಟರೆ ಗ್ಯಾಲರಿಯಲ್ಲಿ ಕೂತು ಮೊಮ್ಮಗನನ್ನು ಬಯ್ಯುವ ಅಜ್ಜಿಗೂ ಟಿಕೆಟ್ ಹರಿಯಬೇಕಾದೀತು.

ನಮ್ಮ ಹೊಟ್ಟೆ ಹೊರೆಯುವುದು ಬೇರೆ ಆಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು, ಜಿಗಣೆ, ಕರೆಂಟಿಲ್ಲದ ರಾತ್ರಿ. ಸಾಮಾನ್ಯ ಪ್ರವಾಸಿ ಈ ಕಡೆ ತಲೆ ಹಾಕುವುದಿಲ್ಲ. ಬರಪೊಳೆಯ ರ‍್ಯಾಫ್ಟಿಂಗ್‌ಗೆ ಬೇಕಾದ್ದು ಆ ಮಳೆಯೇ. ದುಬಾರೆಯ ಕಾವೇರಿಯಂತೆ ಇದು ಸಾವಧಾನದ ನೀರಲ್ಲ, ಬಂಡೆಗಳ ನಡುವೆ ನುಗ್ಗುವ ಹೊಳೆ. ಖಾಲಿ ಬಿದ್ದ ತಿಂಗಳಲ್ಲಿ ಹನ್ನೆರಡು ಜನರ ಒಂದು ತಂಡ ಬಂದರೆ ಅಡುಗೆಯವರ ಸಂಬಳ ಹುಟ್ಟಿತು. ಆದರೆ ರೆಡ್ ಅಲರ್ಟ್ ಬಂದರೆ ಅದೇ ಮಳೆ ಬುಕಿಂಗ್ ನುಂಗುತ್ತದೆ. ಆಗ ಮುಂಗಡಕ್ಕಾಗಿ ಜಗಳಕ್ಕೆ ನಿಲ್ಲದೆ ಬೇರೆ ದಿನ ಕೊಡುತ್ತೇನೆ. 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಡಲು ಬರುವವರ ಬೇಡಿಕೆಯೂ ಬೇರೆ. ಓಟಗಾರರ ತಂಡವೊಂದಕ್ಕೆ ರಾತ್ರಿ ಹಂದಿ ಮಾಂಸದ ಪಂದಿಕರಿ, ಅಕ್ಕಿಯ ಕಡಂಬುಟ್ಟು ಬಡಿಸಿದೆವು. ಒಬ್ಬರೂ ಮುಟ್ಟಲಿಲ್ಲ, ಅನ್ನ ಮೊಸರು ಸಾಕೆಂದರು. ನಮ್ಮ ಅಡುಗೆ ಅಕ್ಕನಿಗೆ ಎರಡು ದಿನ ಮುನಿಸು. ಬೆಳಿಗ್ಗೆ ನಾಲ್ಕೂವರೆಗೆ ಬಾಳೆಹಣ್ಣು, ಕಾಫಿ; ಸಂಜೆ ಒದ್ದೆ ಶೂ ಒಣಗಿಸಲು ಜಾಗ. ಶೂ ಒಳಗೆ ಹಳೇ ಪೇಪರ್ ತುರುಕಿ ಒಲೆಯಿಂದ ಒಂದು ಮೊಳ ದೂರ ಇಡಬೇಕು. ಹತ್ತಿರ ಇಟ್ಟರೆ ಅಂಟು ಬಿಟ್ಟು ಸೋಲ್ ಕಳಚಿಕೊಳ್ಳುತ್ತದೆ. ಒಂದು ಜೊತೆಗೆ ದಂಡ ತೆತ್ತು ಕಲಿತ ಪಾಠವಿದು. ತಡಿಯಂಡಮೋಳ್ ಬೆಟ್ಟ ಹತ್ತುವವರಿಗೆ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಕೈಯಲ್ಲಿದೆಯೇ ಎಂದು ಮುಂಗಡ ಪಡೆಯುವ ಮೊದಲೇ ಕೇಳುತ್ತೇನೆ.

ಅತಿಥಿಗಳನ್ನು ಹೊಳೆಗೆ ಕಳಿಸುವ ಮುನ್ನ ನಾನೂ ದಡಕ್ಕೆ ಹೋಗುತ್ತೇನೆ. ಲೈಫ್ ಜಾಕೆಟ್ ತೊಡಿಸಿ, ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯುವುದು. ಅದು ಗಲ್ಲದವರೆಗೆ ಏರಿತೋ, ನೀರಿನಲ್ಲಿ ಆ ಜಾಕೆಟ್ ಒಂದು ಕಡೆ, ಮನುಷ್ಯ ಒಂದು ಕಡೆ. ಒಮ್ಮೆ ಐದರಲ್ಲಿ ಎರಡು ಹೀಗೆ ಏರಿದವು. ‘ಏನಾಗಲ್ಲ ಸಾರ್, ದಿನಾ ಹೋಗ್ತಾರೆ’ ಎಂದ ದೋಣಿಯವ. ತಂಡವನ್ನು ವಾಪಸ್ ಕರೆತಂದೆ. ಅವರೂ ನನ್ನ ಮೇಲೆ ಸಿಟ್ಟಾದರು. ತಲೆಗೆ ದೊಡ್ಡ ಪೆಟ್ಟಾದರೆ ಮೈಸೂರಿಗೋ ಮಂಗಳೂರಿಗೋ ಓಡಬೇಕು, ಮಡಿಕೇರಿಯಿಂದ ಮೈಸೂರೇ ಸುಮಾರು 120 ಕಿಲೋಮೀಟರ್. ಜಿಲ್ಲೆಯಲ್ಲಿ ರೈಲಿಲ್ಲ, ವಿಮಾನವಿಲ್ಲ. ಹೊಸ ಜಿಪ್‌ಲೈನ್‌ಗೆ ಅನುದಾನ ಕೇಳುವ ಸಭೆಯಲ್ಲಿ ನಾನು ಆಂಬುಲೆನ್ಸ್ ಎಂದಾಗಲೆಲ್ಲ ಎಲ್ಲರೂ ವಾಚ್ ನೋಡಿಕೊಳ್ಳುತ್ತಾರೆ.