ಒಂಬತ್ತು ಗಂಟೆ ಎಂದರೆ ಯಾವ ಒಂಬತ್ತು?

ಹಳೆ ಕಂಪ್ಯೂಟರಿನಿಂದ ಹೊಸದಕ್ಕೆ ಫೋಟೊ, ಹಾಡು, ಪತ್ರ ಸಾಗಿಸುವುದೆಂದರೆ ಕಾಪಿ, ಪೇಸ್ಟ್, ಅಲ್ಲಿಗೆ ಮುಗಿಯಿತು. ಕ್ಯಾಲೆಂಡರು ಅಷ್ಟು ಸಲೀಸಾಗಿ ಬರುವುದಿಲ್ಲ. ನವೆಂಬರ್ ಬಂದೊಡನೆ ನ್ಯೂಯಾರ್ಕಿನವರ ಜೊತೆಗಿನ ಮೀಟಿಂಗು ಒಂದು ಗಂಟೆ ತಪ್ಪುತ್ತದೆ, ಹುಟ್ಟುಹಬ್ಬ ಎರಡು ದಿನಕ್ಕೆ ಹಿಗ್ಗುತ್ತದೆ, ಡಾಕ್ಟರ ಅಪಾಯಿಂಟ್‌ಮೆಂಟು ಜೋಡಿಯಾಗಿ ಕಾಣಿಸಿಕೊಳ್ಳುತ್ತದೆ. ತಮಾಷೆಯೆಂದರೆ, ಇಷ್ಟೆಲ್ಲ ಆದರೂ ಸಾಗಿಸಿದ ಕಡತದಲ್ಲಿ ಒಂದು ಬೈಟೂ ಕಳೆದಿರುವುದಿಲ್ಲ.

1990ರ ದಶಕದಲ್ಲಿ ಒಂದೊಂದು ತಂತ್ರಾಂಶವೂ ದಿನಾಂಕಗಳನ್ನು ತನಗೆ ಮಾತ್ರ ತಿಳಿಯುವ ರೀತಿಯಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಆಪಲ್, ಎಟಿ ಅಂಡ್ ಟಿ, ಐಬಿಎಂ, ಸೀಮೆನ್ಸ್ ಸೇರಿ 1996ರಲ್ಲಿ ವಿಕ್ಯಾಲೆಂಡರ್ ಎಂಬ ಸಾಮಾನ್ಯ ನಮೂನೆ ತಂದವು. ಅದರ ಮೇಲೆ ಕಟ್ಟಿದ್ದು ಐಕ್ಯಾಲೆಂಡರ್. 1998ರ ನವೆಂಬರಿನಲ್ಲಿ ಅದು ಆರ್‌ಎಫ್‌ಸಿ (ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆ) 2445 ಎಂಬ ಹೆಸರಿನಲ್ಲಿ ಹೊರಬಂದಾಗ ಬರೆದವರು ಲೋಟಸ್‌ನ ಫ್ರಾಂಕ್ ಡಾಸನ್ ಮತ್ತು ಮೈಕ್ರೋಸಾಫ್ಟ್‌ನ ಡೆರಿಕ್ ಸ್ಟೆನರ್ಸನ್, ಅಂದರೆ ಮಾರುಕಟ್ಟೆಯಲ್ಲಿ ಪರಸ್ಪರ ಎದುರಾಳಿಗಳಾಗಿದ್ದ ಎರಡು ಕಂಪನಿಗಳವರು. 2009ರಲ್ಲಿ ಪರಿಷ್ಕರಣೆಗೊಂಡು ಅದು ಆರ್‌ಎಫ್‌ಸಿ 5545 ಆಯಿತು. ಇಂದು ನಾವು ‘ಎಕ್ಸ್‌ಪೋರ್ಟ್’ ಒತ್ತಿದಾಗ ಸಿಗುವ ಡಾಟ್ ಐಸಿಎಸ್ ಕಡತ ಇದೇ.

ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಗುಟ್ಟೇನೂ ಇಲ್ಲ, ಬರೀ ಪಠ್ಯ. ಪ್ರತಿ ಕಾರ್ಯಕ್ರಮವೂ ‘ಬಿಗಿನ್’ ಎಂಬ ಸಾಲಿನಿಂದ ಶುರುವಾಗಿ ‘ಎಂಡ್’ ಎಂಬ ಸಾಲಿಗೆ ಮುಗಿಯುತ್ತದೆ. ನಡುವೆ ಶೀರ್ಷಿಕೆ, ಆರಂಭ, ಅಂತ್ಯ, ಜಾಗ. ಒಂದು ಸಾಲು 75 ಬೈಟ್ ಮೀರಬಾರದು, ಮೀರಿದರೆ ಮುರಿದು ಮುಂದಿನ ಸಾಲನ್ನು ಒಂದು ಖಾಲಿ ಜಾಗ ಬಿಟ್ಟು ಆರಂಭಿಸಬೇಕು. ಇಂಗ್ಲಿಷಿನವರಿಗೆ ಇದೊಂದು ವಿಷಯವೇ ಅಲ್ಲ. ಕನ್ನಡದಲ್ಲಿ ಪ್ರತಿ ಮೂಲಚಿಹ್ನೆಗೂ ಮೂರು ಬೈಟ್. ‘ಯುಗಾದಿ’ ಎಂಬ ಮೂರಕ್ಷರದಲ್ಲಿ ಯ, ಕೊಂಬು, ಗ, ದೀರ್ಘ, ದ, ಗುಡಿಸು ಎಂದು ಆರು ಚಿಹ್ನೆಗಳು, ಒಟ್ಟು 18 ಬೈಟ್. ಬೈಟ್ ಎಣಿಸಿ ಕಣ್ಣುಮುಚ್ಚಿ ಕತ್ತರಿಸುವ ತಂತ್ರಾಂಶ ಒಂದು ಚಿಹ್ನೆಯ ಹೊಟ್ಟೆಯನ್ನೇ ಸೀಳಬಹುದು. ಓದುವ ತಂತ್ರಾಂಶ ಮೊದಲು ಸಾಲುಗಳನ್ನು ಕೂಡಿಸಿ ಆಮೇಲೆ ಅಕ್ಷರ ಗುರುತಿಸಿದರೆ ಎಲ್ಲ ಸರಿ. ಕ್ರಮ ತಿರುಗುಮುರುಗಾದರೆ ಮದುವೆಯ ಆಮಂತ್ರಣದ ನಡುವೆ ಕಪ್ಪು ವಜ್ರದೊಳಗಿನ ಪ್ರಶ್ನೆಚಿಹ್ನೆ ಕಾಣಿಸುತ್ತದೆ.

ಇದಕ್ಕಿಂತ ದೊಡ್ಡ ತಲೆನೋವು ಗಂಟೆಯದು. ಬೆಳಿಗ್ಗೆ 9 ಎಂಬುದನ್ನು ಐಕ್ಯಾಲೆಂಡರಿನಲ್ಲಿ ಮೂರು ರೀತಿ ಬರೆಯಬಹುದು. ಬರೀ 9 ಎಂದರೆ ನೀವು ಎಲ್ಲಿದ್ದರೆ ಅಲ್ಲಿನ 9. ಮಾತ್ರೆ ನುಂಗುವ ನೆನಪಿಗೆ ಇದೇ ಸರಿ. ಕೊನೆಗೆ ಝಡ್ ಅಕ್ಷರ ಸೇರಿಸಿದರೆ ಅದು ಯುಟಿಸಿ ಎಂಬ ಜಾಗತಿಕ ಸಮಯದ 9, ಅಂದರೆ ಭಾರತದಲ್ಲಿ ಮಧ್ಯಾಹ್ನ ಎರಡೂವರೆ. ಮೂರನೆಯದರಲ್ಲಿ ಊರಿನ ಹೆಸರೂ ಜೊತೆಗಿರುತ್ತದೆ, ‘ನ್ಯೂಯಾರ್ಕಿನ 9’ ಎಂದು. ಅಲ್ಲಿ ಬೇಸಿಗೆಯಲ್ಲಿ 9 ಹೊಡೆದಾಗ ಬೆಂಗಳೂರಿನಲ್ಲಿ ಸಂಜೆ 6.30, ನವೆಂಬರಿನ ಮೊದಲ ಭಾನುವಾರ ಅವರು ಬೇಸಿಗೆಗೆಂದು ಒಂದು ಗಂಟೆ ಮುಂದಿಟ್ಟಿದ್ದ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ 7.30. ಪ್ರತಿ ವಾರದ ಮೀಟಿಂಗನ್ನು ಊರಿನ ಹೆಸರಿನೊಂದಿಗೆ ಬರೆದಿದ್ದರೆ ಕ್ಯಾಲೆಂಡರು ತಾನೇ ಹೊಂದಿಕೊಳ್ಳುತ್ತದೆ. ಸಾಗಿಸುವಾಗ ಯಾವುದೋ ತಂತ್ರಾಂಶ ಅದನ್ನು ಯುಟಿಸಿಗೆ ಬದಲಾಯಿಸಿಬಿಟ್ಟಿದ್ದರೆ ನವೆಂಬರಿನಲ್ಲೂ ಆರೂವರೆಗೇ ಗಂಟೆ ಬಾರಿಸುತ್ತದೆ, ಖಾಲಿ ಪರದೆ ನೋಡುತ್ತ ಕೂರಬೇಕು. ಊರಿನ ಹೆಸರಲ್ಲೂ ಒಮ್ಮತವಿಲ್ಲ. ವಿಂಡೋಸ್ ನಮ್ಮ ಸಮಯವನ್ನು ‘ಇಂಡಿಯಾ ಸ್ಟ್ಯಾಂಡರ್ಡ್ ಟೈಮ್’ ಎನ್ನುತ್ತದೆ, ಹೆಚ್ಚಿನ ಉಳಿದವು ‘ಏಷ್ಯಾ/ಕೋಲ್ಕತಾ’ ಎನ್ನುತ್ತವೆ. ಎರಡನ್ನೂ ಹೊಂದಿಸಲು ಪ್ರತ್ಯೇಕ ಪಟ್ಟಿಯೇ ಇದೆ.

ಗಡಿಯಾರ ತಿರುಗಿಸುವ ನಿಯಮವನ್ನೂ ಕಡತ ತನ್ನೊಳಗೇ ಹೊತ್ತು ತರುತ್ತದೆ. ಜಾಣತನವೇ, ಆದರೆ ನಿಯಮ ಮಾಡುವವು ಸರ್ಕಾರಗಳು. ಅಮೆರಿಕ 2005ರಲ್ಲಿ ಕಾನೂನು ತಿದ್ದಿ, 2007ರಿಂದ ಬೇಸಿಗೆ ಸಮಯವನ್ನು ಏಪ್ರಿಲ್ ಬದಲು ಮಾರ್ಚಿನಲ್ಲೇ ಶುರು ಮಾಡಿತು. ಮೊದಲೇ ಬರೆದಿಟ್ಟಿದ್ದ ಕಾರ್ಯಕ್ರಮಗಳೆಲ್ಲ ಆ ಕೆಲವು ವಾರಗಳ ಮಟ್ಟಿಗೆ ಒಂದು ಗಂಟೆ ಜರುಗಿದವು. ಅವನ್ನು ಸರಿಪಡಿಸಲೆಂದೇ ಮೈಕ್ರೋಸಾಫ್ಟ್ ಔಟ್‌ಲುಕ್‌ಗೆ ಒಂದು ಉಪಕರಣ ಬಿಡಬೇಕಾಯಿತು.

ಹುಟ್ಟುಹಬ್ಬ ಎರಡು ದಿನ ಆಗುವುದಕ್ಕೆ ಕಾರಣ ಚಿಕ್ಕದು. ಇಡೀ ದಿನದ ಕಾರ್ಯಕ್ರಮದಲ್ಲಿ ಅಂತ್ಯದ ದಿನಾಂಕ ಲೆಕ್ಕಕ್ಕಿಲ್ಲ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಅಂತ್ಯ ನವೆಂಬರ್ 2 ಎಂದೇ ಬರೆಯಬೇಕು. ಗೊತ್ತಿಲ್ಲದ ತಂತ್ರಾಂಶ ಎರಡನ್ನೂ ಎಣಿಸುತ್ತದೆ.

ಮರುಕಳಿಸುವ ದಿನಗಳ ವಿಷಯದಲ್ಲಿ ಈ ನಮೂನೆ ನಿಜಕ್ಕೂ ಮೆಚ್ಚುವಂಥದ್ದು. ಬ್ಯಾಂಕುಗಳಿಗೆ ರಜೆಯಿರುವ ಎರಡನೇ ಮತ್ತು ನಾಲ್ಕನೇ ಶನಿವಾರಗಳನ್ನು ಒಂದೇ ಸಾಲಿನಲ್ಲಿ ಶಾಶ್ವತವಾಗಿ ಬರೆದಿಡಬಹುದು. ಆದರೆ ‘ಪ್ರತಿ ತಿಂಗಳ 31’ ಎಂದರೆ ವರ್ಷಕ್ಕೆ ಏಳೇ ಸಲ ಬರುತ್ತದೆ, ಇಲ್ಲದ ದಿನಾಂಕವನ್ನು ಬಿಟ್ಟುಬಿಡಬೇಕೆಂಬುದು ನಿಯಮ. ಯುಗಾದಿಗಂತೂ ಸಾಲೇ ಇಲ್ಲ. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಗ್ರೆಗೋರಿಯನ್ ಅಲ್ಲದ ಪಂಚಾಂಗಗಳಿಗಾಗಿ 2015ರಲ್ಲಿ ಒಂದು ವಿಸ್ತರಣೆ ಬಂತು. ಚೀನೀ, ಹೀಬ್ರೂ ಲೆಕ್ಕಗಳಿಗೆ ಅದು ಒದಗುತ್ತದೆ. ಅದರಲ್ಲಿರುವ ‘ಇಂಡಿಯನ್’ ಮಾತ್ರ ಸರ್ಕಾರ 1957ರಲ್ಲಿ ಜಾರಿಗೆ ತಂದ ಶಕ ಪಂಚಾಂಗ. ಅದು ಸೂರ್ಯನ ಲೆಕ್ಕದ್ದು, ಚೈತ್ರ ಶುರುವಾಗುವುದು ಮಾರ್ಚ್ 22ಕ್ಕೆ, ಅಧಿಕ ವರ್ಷದಲ್ಲಿ 21ಕ್ಕೆ. ಚಂದ್ರನನ್ನು ನಂಬಿದ ನಮ್ಮ ಹಬ್ಬಗಳನ್ನು ಈಗಲೂ ವರ್ಷವರ್ಷವೂ ಬಿಡಿಬಿಡಿಯಾಗಿಯೇ ತುಂಬಬೇಕು.

ಇನ್ನು ಜೋಡಿ ನಮೂದುಗಳು. ಪ್ರತಿ ಕಾರ್ಯಕ್ರಮಕ್ಕೂ ಯುಐಡಿ ಎಂಬ, ಜಗತ್ತಿನಲ್ಲಿ ಮತ್ತೆಲ್ಲೂ ಇರಬಾರದ ಗುರುತು ಇರುತ್ತದೆ. ಕಡತವನ್ನು ಎರಡು ಸಲ ಆಮದು ಮಾಡಿದರೂ ಯುಐಡಿ ಒಂದೇ ಆಗಿದ್ದರೆ ಹಳೆಯದರ ಮೇಲೆ ಹೊಸದು ಕೂರಬೇಕು. ಆಮದಿನ ಹೊತ್ತಿಗೆ ಹೊಸ ಗುರುತು ಕೊಡುವ ತಂತ್ರಾಂಶವಾದರೆ ಎಲ್ಲವೂ ಎರಡೆರಡು. ಮೀಟಿಂಗ್ ಕರೆದವರು ಆಮೇಲೆ ಸಮಯ ಬದಲಿಸಿ ಕಳಿಸಿದ ಸೂಚನೆಯೂ ಹಳೆ ನಮೂದನ್ನು ಗುರುತಿಸಲಾರದೆ ಪಕ್ಕದಲ್ಲಿ ಇನ್ನೊಂದನ್ನು ಹುಟ್ಟಿಸುತ್ತದೆ.

ಕಡತ ಆ ಗಳಿಗೆಯ ಪ್ರತಿ ಮಾತ್ರ, ನಾಳೆ ಹಳೆ ಕಂಪ್ಯೂಟರಿನಲ್ಲಿ ಅಳಿಸಿದ್ದು ಹೊಸದರಲ್ಲಿ ಉಳಿದೇ ಇರುತ್ತದೆ. ಎರಡೂ ಕಡೆ ಒಂದೇ ಇರಬೇಕಾದರೆ ಕ್ಯಾಲೆಂಡರನ್ನು ಸರ್ವರಿನಲ್ಲಿಟ್ಟು ಎಲ್ಲ ಕಡೆಯಿಂದ ಬಳಸಲು 2007ರಲ್ಲಿ ಬಂದ ಕ್ಯಾಲ್‌ಡ್ಯಾವ್ ಎಂಬ ವಿಧಾನ ಬೇಕು. ಅದರಲ್ಲಿ ಸರ್ವರಿನಲ್ಲಿರುವ ಒಂದೊಂದು ಕಾರ್ಯಕ್ರಮಕ್ಕೂ ಆವೃತ್ತಿಯ ಗುರುತು ಇರುವುದರಿಂದ ಬದಲಾದದ್ದನ್ನು ಮಾತ್ರ ತರಿಸಿಕೊಂಡರೆ ಸಾಕು. ಆದರೂ ಒಂದು ಕಂಪನಿಯ ಖಾತೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಸಾಮಾನ್ಯವಾಗಿ ಐಸಿಎಸ್ ಕಡತವೇ ಗತಿ. ಆಗ ಹೊಸ ಖಾತೆಯಲ್ಲಿ ಬೇರೆಯದೇ ಒಂದು ಖಾಲಿ ಕ್ಯಾಲೆಂಡರ್ ಮಾಡಿಕೊಂಡು ಅದರೊಳಕ್ಕೆ ಆಮದು ಮಾಡುವುದು ವಾಸಿ. ಎಡವಟ್ಟಾದರೆ ಅದೊಂದನ್ನೇ ಅಳಿಸಿ ಮೊದಲಿಂದ ಶುರು ಮಾಡಬಹುದು. ಇದ್ದುದರ ಜೊತೆ ಬೆರೆಸಿಬಿಟ್ಟರೆ ನೂರಾರು ನಮೂದುಗಳನ್ನು ಒಂದೊಂದಾಗಿ ಹೆಕ್ಕುತ್ತ ಕೂರಬೇಕಾಗುತ್ತದೆ.