ಇನ್ಶೂರೆನ್ಸ್ ನೋಡೋದು ಕಾರನ್ನ, ಓಡಿಸೋರನ್ನಲ್ಲ

ವೈಟ್‌ಫೀಲ್ಡಿನ ಯಾವುದೋ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಅಕ್ಕಪಕ್ಕ ನಿಂತ ಎರಡು ಕಾರು ಅಂದುಕೊಳ್ಳಿ. ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ವರ್ಷದ್ದು. ಒಂದರ ನಂಬರ್ ಕೆಎ-03, ಇನ್ನೊಂದರದ್ದು ಕೆಎ-09. ದಿನಾ ಬೆಳಿಗ್ಗೆ ಎರಡೂ ಸಿಕ್ಕಿಹಾಕಿಕೊಳ್ಳುವುದು ಅದೇ ಟ್ರಾಫಿಕ್ಕಿನಲ್ಲಿ. ಆದರೆ ಇನ್ಶೂರೆನ್ಸಿನ ಮೂಲ ದರಪಟ್ಟಿ ತೆಗೆದು ನೋಡಿದರೆ ಮೈಸೂರಿನಲ್ಲಿ ರಿಜಿಸ್ಟರ್ ಆದ ಕಾರಿಗೆ ತುಸು ಕಡಿಮೆ ರೇಟು.

ಇನ್ನೊಂದು ನೋಡಿ. ಅದೇ ಕಾರನ್ನು ಮೂವತ್ತು ವರ್ಷದಿಂದ ಸ್ಟೇರಿಂಗ್ ಹಿಡಿದಿರುವ ಅಪ್ಪ ಓಡಿಸಲಿ, ಹೋದ ತಿಂಗಳಷ್ಟೇ ಡಿಎಲ್ ಕೈಗೆ ಬಂದಿರುವ ಮಗ ಓಡಿಸಲಿ, ಪ್ರೀಮಿಯಂ ಬಹುಮಟ್ಟಿಗೆ ಅಷ್ಟೇ. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಇರುವ ನೆಂಟರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ. ನಮ್ಮಲ್ಲಿ ಹೀಗೇಕಾಯಿತು ಅಂತ ತಿಳಿಯಬೇಕಾದರೆ ಎಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ನಾವು 'ಫುಲ್ ಇನ್ಶೂರೆನ್ಸ್' ಅನ್ನುವುದರೊಳಗೆ ಎರಡು ಬೇರೆ ಬೇರೆ ವಿಮೆಗಳಿವೆ. ಒಂದು ಥರ್ಡ್ ಪಾರ್ಟಿ. ನಿಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ, ಜೀವ ಹೋದರೆ, ಅವರ ಕಡೆಯವರಿಗೆ ಸಿಗುವ ದುಡ್ಡು ಇದರದ್ದು. ಇನ್ನೊಂದು ಓನ್ ಡ್ಯಾಮೇಜ್. ನಿಮ್ಮದೇ ಗಾಡಿ ಜಖಂ ಆದರೆ, ಕಳುವಾದರೆ ಕೊಡುವುದು ಇದು. ಎರಡೂ ಹುಟ್ಟಿದ ಕಾಲ ಬೇರೆ, ಕಾರಣ ಬೇರೆ, ಬೆಲೆ ನಿಗದಿ ಮಾಡುವವರೂ ಬೇರೆ. ಬಿಲ್ಲಿನಲ್ಲಿ ಮಾತ್ರ ಒಟ್ಟಿಗೆ ಬರುತ್ತವೆ.

ಮೊದಲು ಥರ್ಡ್ ಪಾರ್ಟಿ. ಬ್ರಿಟನ್ 1930ರ ರಸ್ತೆ ಸಂಚಾರ ಕಾಯ್ದೆಯಲ್ಲಿ ಇದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಈ ಅಧ್ಯಾಯ ಸೇರಿದರೂ ಜಾರಿಗೆ ಬಂದಿದ್ದು 1946ರ ಜುಲೈ 1ರಂದು. ಆಗ ಕಾರಿದ್ದವರು ಊರಿಗೆ ನಾಲ್ಕು ಜನ. ಕಾನೂನಿನ ಚಿಂತೆ ಅವರದ್ದಾಗಿರಲಿಲ್ಲ, ಕಾರಿನ ಅಡಿಗೆ ಸಿಕ್ಕವರದ್ದಾಗಿತ್ತು. ಗುದ್ದಿದವರ ಹತ್ತಿರ ದುಡ್ಡು ಇರಲಿ ಬಿಡಲಿ, ಸತ್ತವರ ಮನೆಗೆ ಪರಿಹಾರ ಸಿಗಲೇಬೇಕು ಅನ್ನುವುದು ಲೆಕ್ಕ. ಹಾಗಾಗಿ ವಿಮೆಯನ್ನು ಡ್ರೈವರಿಗೆ ಕಟ್ಟದೆ ಗಾಡಿಗೆ ಕಟ್ಟಿದರು. ಸ್ಟೇರಿಂಗ್ ಹಿಂದೆ ಯಾರೇ ಇದ್ದರೂ ಗಾಡಿಗೆ ಪಾಲಿಸಿ ಇದ್ದರೆ ಆಯಿತು. ಸಂಬಳದ ಡ್ರೈವರ್ ಇಟ್ಟುಕೊಳ್ಳುವ ದೇಶಕ್ಕೆ ಇದೇ ಸರಿಯಾದ ದಾರಿಯೂ ಆಗಿತ್ತು ಅನ್ನಿ.

1988ರ ಈಗಿನ ಕಾಯ್ದೆಯೂ ಅದೇ ಬುನಾದಿಯ ಮೇಲೆ ನಿಂತಿದೆ. ಇದರಲ್ಲಿ ಸಾವು, ಗಾಯಗಳ ಪರಿಹಾರಕ್ಕೆ ಮೇಲ್ಮಿತಿ ಇಲ್ಲ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬೇರೆಯವರ ಆಸ್ತಿಯ ನಷ್ಟಕ್ಕೆ ಮಾತ್ರ 7.5 ಲಕ್ಷದ ಗೆರೆ ಇದೆ. 'ಮೇಲ್ಮಿತಿ ಇಲ್ಲ' ಅಂದರೆ ಎಷ್ಟಾಗಬಹುದು? ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ, ಮತ್ತೆ 2017ರಲ್ಲಿ ಪ್ರಣಯ್ ಸೇಥಿ ಪ್ರಕರಣದಲ್ಲಿ ಲೆಕ್ಕ ಹಾಕುವ ರೀತಿಯನ್ನು ಗಟ್ಟಿ ಮಾಡಿತು. ಒಂದು ಉದಾಹರಣೆ ಹಾಕಿ ನೋಡೋಣ.

ಸ್ವಂತ ಅಂಗಡಿ ನಡೆಸುವ 30 ವರ್ಷದವರೊಬ್ಬರು ಅಪಘಾತದಲ್ಲಿ ತೀರಿಕೊಂಡರು ಅಂದುಕೊಳ್ಳಿ. ತಿಂಗಳ ಆದಾಯ 30,000. ಹೆಂಡತಿ, ಇಬ್ಬರು ಮಕ್ಕಳು. ಮುಂದೆ ಆದಾಯ ಬೆಳೆಯುತ್ತಿತ್ತಲ್ಲ, ಅದಕ್ಕೆ ಶೇ. 40 ಸೇರಿಸುತ್ತಾರೆ: 42,000. ಅವರದ್ದೇ ಖರ್ಚು ಅಂತ ಮೂರನೇ ಒಂದು ಭಾಗ ಕಳೆಯುತ್ತಾರೆ: 28,000. ವರ್ಷಕ್ಕೆ 3,36,000. ಆ ವಯಸ್ಸಿಗೆ ಗುಣಕ 17. ಒಟ್ಟು 57,12,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ಮುಂತಾದವುಗಳ ಮೊತ್ತ ಬೇರೆ.

ಈ ಹೊಣೆಗೆ ಪ್ರತಿಯಾಗಿ ಕಾರಿನವರು ಕಟ್ಟುವುದೆಷ್ಟು? 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ. 1,500 ಸಿಸಿವರೆಗೆ 3,416. ಅದಕ್ಕೂ ಮೇಲೆ 7,897. ಎಲೆಕ್ಟ್ರಿಕ್ ಕಾರಿಗೆ ಸಿಸಿ ಎಲ್ಲಿಂದ ಬರಬೇಕು, ಅದಕ್ಕೆ ಕಿಲೋವ್ಯಾಟ್ ಲೆಕ್ಕ: 30ರವರೆಗೆ 1,780, 65ರವರೆಗೆ 2,904, ಮೇಲಿನದಕ್ಕೆ 6,712. ಪೆಟ್ರೋಲ್ ಗಾಡಿಗಿಂತ ಶೇ. 15 ಕಡಿಮೆ. ಈ ದರಗಳನ್ನು ಹೊರಡಿಸುವುದು ವಿಮಾ ನಿಯಂತ್ರಕ ಐಆರ್‌ಡಿಎಐ ಜೊತೆ ಮಾತಾಡಿಕೊಂಡು ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ. ಯಾವ ಕಂಪನಿಗೆ ಹೋದರೂ ಇಷ್ಟೇ. ಬೆಂಗಳೂರಾದರೂ ಇಷ್ಟೇ, ಬೀದರಾದರೂ ಇಷ್ಟೇ. 'ಥರ್ಡ್ ಪಾರ್ಟಿಯಲ್ಲಿ ಡಿಸ್ಕೌಂಟ್ ಮಾಡಿಸ್ತೀನಿ ಸಾರ್' ಅಂದವರ ಮಾತು ನಂಬಬೇಡಿ.

ಸಿಸಿ ನೋಡಿ ದರ ಹಾಕುವುದು ಒರಟು ವಿಧಾನ ಅಂತಲೇ ನನ್ನ ಅನಿಸಿಕೆ. 1,498 ಸಿಸಿ ಕಾರಿಗೂ 1,591 ಸಿಸಿ ಕಾರಿಗೂ ರಸ್ತೆಯಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಪ್ರೀಮಿಯಂನಲ್ಲಿ 4,481 ರೂಪಾಯಿ ವ್ಯತ್ಯಾಸ. ಆದರೆ ಸಿಸಿಗೆ ಒಂದು ಅನುಕೂಲ ಇದೆ. ಅದು ಆರ್‌ಸಿಯಲ್ಲೇ ಅಚ್ಚಾಗಿರುತ್ತದೆ, ಸುಳ್ಳು ಹೇಳಲು ಬರುವುದಿಲ್ಲ. 'ನೀವು ಹೇಗೆ ಗಾಡಿ ಓಡಿಸ್ತೀರಿ?' ಅಂತ ಕೇಳಿದರೆ ಯಾರಾದರೂ 'ಕೆಟ್ಟದಾಗಿ' ಅಂತಾರಾ?

ಲಾರಿಗಳ ಕತೆಯಲ್ಲಿ ಜಗಳ ಜಾಸ್ತಿ. ಅಲ್ಲಿ ಕ್ಲೇಮ್ ಹೆಚ್ಚು, ಹಾಗಾಗಿ ಕಂಪನಿಗಳು ಹಿಂದೇಟು ಹಾಕುತ್ತಿದ್ದವು. 2007ರಿಂದ 2012ರವರೆಗೆ ವಾಣಿಜ್ಯ ವಾಹನಗಳ ಥರ್ಡ್ ಪಾರ್ಟಿ ನಷ್ಟವನ್ನು ಎಲ್ಲ ಕಂಪನಿಗಳೂ ಹಂಚಿಕೊಳ್ಳುವ ಒಂದು ಪೂಲ್ ಮಾಡಬೇಕಾಯಿತು. ದರ ಏರಿದಾಗಲೆಲ್ಲ ಲಾರಿ ಮಾಲೀಕರು ಬೀದಿಗಿಳಿದರು. 2017ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವೂ ಸೇರಿ ದಕ್ಷಿಣದ ರಾಜ್ಯಗಳಲ್ಲಿ ನಡೆದ ಮುಷ್ಕರಕ್ಕೆ ಇದೇ ದೊಡ್ಡ ಕಾರಣ.

ಇನ್ನು ನಮ್ಮ ಗಾಡಿಯ ಸ್ವಂತ ಹಾನಿಯ ಭಾಗಕ್ಕೆ ಬರೋಣ. ಕೆಎ-03, ಕೆಎ-09 ಗುಟ್ಟು ಇಲ್ಲಿದೆ.

1973ರ ಜನವರಿ 1ರಂದು ಸಾಮಾನ್ಯ ವಿಮೆ ರಾಷ್ಟ್ರೀಕರಣ ಆಯಿತು. ನೂರಕ್ಕೂ ಹೆಚ್ಚು ಕಂಪನಿಗಳು ಸೇರಿ ನಾಲ್ಕಾದವು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. ದರ ನಿಗದಿ ಮಾಡುತ್ತಿದ್ದುದು ಟ್ಯಾರಿಫ್ ಅಡ್ವೈಸರಿ ಕಮಿಟಿ. ಅಂಗಡಿ ನಾಲ್ಕಿದ್ದರೂ ರೇಟು ಒಂದೇ. 2002ರ ಜುಲೈ 1ರಂದು ಬಂದ ಇಂಡಿಯಾ ಮೋಟಾರ್ ಟ್ಯಾರಿಫ್ ಈ ಸರಣಿಯ ಕೊನೆಯ ದೊಡ್ಡ ಪಟ್ಟಿ. ಅದು ಕಾರಿನ ಬಗ್ಗೆ ಕೇಳುತ್ತಿದ್ದುದು ನಾಲ್ಕೇ ಪ್ರಶ್ನೆ. ಎಷ್ಟು ಸಿಸಿ? ಎಷ್ಟು ಹಳೆಯದು? ಈಗ ಎಷ್ಟು ಬೆಲೆ? ಯಾವ ವಲಯ?

ಬೆಂಗಳೂರು, ಚೆನ್ನೈ, ಮುಂಬೈ, ಪುಣೆ, ದೆಹಲಿ, ಕೋಲ್ಕತ್ತ, ಹೈದರಾಬಾದ್, ಅಹಮದಾಬಾದ್ ಸೇರಿ ಎ ವಲಯ. ಉಳಿದ ಇಡೀ ದೇಶ ಬಿ. ವಲಯ ಗೊತ್ತಾಗುವುದು ಗಾಡಿ ಎಲ್ಲಿ ಓಡುತ್ತದೆ ಅನ್ನುವುದರಿಂದ ಅಲ್ಲ, ಯಾವ ಆರ್‌ಟಿಒದಲ್ಲಿ ರಿಜಿಸ್ಟರ್ ಆಗಿದೆ ಅನ್ನುವುದರಿಂದ. ಐದು ವರ್ಷದೊಳಗಿನ, 1,000ದಿಂದ 1,500 ಸಿಸಿಯ ಕಾರಿಗೆ ಎ ವಲಯದಲ್ಲಿ ವಿಮಾ ಬೆಲೆಯ ಶೇ. 3.283, ಬಿ ವಲಯದಲ್ಲಿ ಶೇ. 3.191. ಕಾರಿನ ವಿಮಾ ಬೆಲೆ ಆರು ಲಕ್ಷ ಇದ್ದರೆ ಬೆಂಗಳೂರಿನ ನಂಬರಿಗೆ 19,698, ಮೈಸೂರಿನ ನಂಬರಿಗೆ 19,146. ವ್ಯತ್ಯಾಸ 552 ರೂಪಾಯಿ. ದೊಡ್ಡ ಮೊತ್ತ ಏನಲ್ಲ. ಆದರೆ ವೈಟ್‌ಫೀಲ್ಡಿನಲ್ಲೇ ಬಿದ್ದಿರುವ ಗಾಡಿಯನ್ನು ಪಟ್ಟಿ ಇನ್ನೂ ಮೈಸೂರಿನದ್ದು ಅಂತಲೇ ತಿಳಿದಿದೆ.

ವಿಮಾ ಬೆಲೆ ಅಂದೆನಲ್ಲ, ಅದೇ ಐಡಿವಿ. ಕಾರು ಕಳುವಾದರೆ, ಪೂರ್ತಿ ನಜ್ಜುಗುಜ್ಜಾದರೆ ಕೈಗೆ ಬರುವ ಮೊತ್ತಕ್ಕೆ ಇದೇ ಆಧಾರ. ಶೋರೂಂ ಬೆಲೆಯಿಂದ ಮೊದಲ ಆರು ತಿಂಗಳಿಗೆ ಶೇ. 5 ಕಳೆಯುತ್ತಾರೆ, ವರ್ಷದೊಳಗೆ 15, ಎರಡು ವರ್ಷದವರೆಗೆ 20, ಆಮೇಲೆ ವರ್ಷಕ್ಕೆ ಹತ್ತರಂತೆ ಐದು ವರ್ಷಕ್ಕೆ 50. ಕಡಿಮೆ ಪ್ರೀಮಿಯಂ ತೋರಿಸಬೇಕು ಅಂತ ಕೆಲವರು ಐಡಿವಿಯನ್ನೇ ಇಳಿಸಿ ಕೋಟ್ ಕಳಿಸುತ್ತಾರೆ. ಎರಡು ಕೋಟ್ ಹೋಲಿಸುವಾಗ ಮೊದಲು ನೋಡಬೇಕಾದ್ದು ಈ ಅಂಕಿ.

2000ದ ನಂತರ ಖಾಸಗಿ ಕಂಪನಿಗಳು ಬಂದವು. 2007ರ ಜನವರಿ 1ರಂದು ಓನ್ ಡ್ಯಾಮೇಜ್ ದರದ ಕಟ್ಟು ಬಿಚ್ಚಿದರು. ಥರ್ಡ್ ಪಾರ್ಟಿಯನ್ನು ಮಾತ್ರ ಬಿಡಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ಡಿಸ್ಕೌಂಟಿನ ಪೈಪೋಟಿ. ಹಳೆಯ ಪಟ್ಟಿ ಹಿಂದೆ ನಿಂತು ಮೂಲ ದರವಾಗಿ ಉಳಿಯಿತು. ಅದರ ಮೇಲೆ ಎಷ್ಟು ಕಡಿತ ಅನ್ನುವುದನ್ನು ಒಂದೊಂದು ಕಂಪನಿ ತನ್ನ ಕ್ಲೇಮ್ ಪುಸ್ತಕ ನೋಡಿ ತೀರ್ಮಾನಿಸುತ್ತದೆ. ಒಂದೇ ಕಾರಿಗೆ ಮೂರು ಕಂಪನಿ ಮೂರು ರೇಟು ಹೇಳುವುದು ಇದಕ್ಕೇ.

ಆ ಪುಸ್ತಕದಲ್ಲಿ ಏನಿರುತ್ತದೆ? ಯಾವ ಮಾಡೆಲ್ ಜಾಸ್ತಿ ಕಳುವಾಗುತ್ತದೆ, ಯಾವುದರ ಬಿಡಿಭಾಗ ದುಬಾರಿ, ಯಾವ ಊರಿನ ಗ್ಯಾರೇಜಿನಲ್ಲಿ ಲೇಬರ್ ಎಷ್ಟು. ಹಿಂದೆ ಬಂಪರ್ ಸೊಟ್ಟಗಾದರೆ ಟಿಂಕರಿಂಗ್ ಮಾಡಿ ಬಣ್ಣ ಬಳಿದರೆ ಆಗುತ್ತಿತ್ತು. ಈಗ ಅದು ಪ್ಲಾಸ್ಟಿಕ್. ಒಳಗೆ ಪಾರ್ಕಿಂಗ್ ಸೆನ್ಸರ್, ಪಕ್ಕದಲ್ಲಿ ಎಲ್‌ಇಡಿ ಹೆಡ್‌ಲೈಟ್. ಸುಮ್ನೆ ಹಾಗೆ ತಾಗಿದರೂ ಇಡೀ ಸೆಟ್ಟೇ ಬದಲಾಗಬೇಕು. ಸಾಲದ್ದಕ್ಕೆ ಮಾಮೂಲಿ ಪಾಲಿಸಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ಮಾತ್ರ ಕೊಡುತ್ತದೆ. ಉಳಿದರ್ಧ ನಿಮ್ಮ ಜೇಬಿನಿಂದ. ಅದನ್ನು ತಪ್ಪಿಸಲು ಇರುವುದೇ 'ಝೀರೋ ಡೆಪ್', ನಮ್ಮ ಜನರ ಬಾಯಲ್ಲಿ 'ಬಂಪರ್ ಟು ಬಂಪರ್'. ಒಂದೇ ಮಾಡೆಲಿನ ಎರಡು ಕಾರಿನ ಬಿಲ್ಲಿನಲ್ಲಿ ಸಾವಿರಾರು ರೂಪಾಯಿ ಫರಕು ಕಂಡರೆ ಅರ್ಧ ಸಲ ಕಾರಣ ಹೀಗೆ ಹೆಚ್ಚಿನ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಆಡ್‌ಆನ್‌ಗಳೇ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್, ಬೆಳ್ಳಂದೂರು ಕಡೆಯೆಲ್ಲ ಮುಳುಗಿದಾಗ ಇನ್ನೊಂದು ಆಡ್‌ಆನ್ ಹೆಸರು ಮನೆಮಾತಾಯಿತು. ಪ್ರವಾಹದ ಹಾನಿ ಮಾಮೂಲಿ ಪಾಲಿಸಿಯಲ್ಲೇ ಬರುತ್ತದೆ. ಆದರೆ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಒಳಗೆ ನೀರು ಎಳೆಸಿದರೆ ಕಂಪನಿಗಳು ಕೈ ಎತ್ತುತ್ತವೆ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಬೇಕು. ಎಷ್ಟೋ ಜನ ಅದರ ಹೆಸರು ಕೇಳಿದ್ದೇ ಹಾನಿ ಅಳೆಯುವ ಸರ್ವೇಯರ್ ಬಂದು ಹೋದ ಮೇಲೆ.

ಹಾಗಾದರೆ ಓಡಿಸುವವರಿಗೆ ಲೆಕ್ಕವೇ ಇಲ್ಲವಾ? ಒಂದೇ ಒಂದು ಇದೆ, ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಭಾಗದಲ್ಲಿ ಶೇ. 20 ಕಡಿತ. ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆ.

ಇದರ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡುವುದು ಒಳ್ಳೆಯದು. ಶೇ. 50ರಲ್ಲಿದ್ದವರು ಕ್ಲೇಮ್ ಮಾಡಿದರೆ ಮುಂದಿನ ವರ್ಷ ಕಳೆದುಕೊಳ್ಳುವುದು 50. ಅದರ ಮುಂದೆ 30, 25, 15, 5. ಒಟ್ಟು 125. ಅಂದರೆ ಬೋನಸ್ ಕಳೆಯುವ ಮುಂಚಿನ ಓನ್ ಡ್ಯಾಮೇಜ್ ಪ್ರೀಮಿಯಂ ವರ್ಷಕ್ಕೆ 10,000 ಇದ್ದರೆ ಐದು ವರ್ಷದಲ್ಲಿ 12,500 ಕೈಬಿಟ್ಟಂತೆ. ನಾಲ್ಕು ಸಾವಿರದ ಡೆಂಟಿಗೆ ಕ್ಲೇಮ್ ಮಾಡಿಸುವ ಸರ್ವಿಸ್ ಅಡ್ವೈಸರ್ ಈ ಲೆಕ್ಕ ಹೇಳುವುದಿಲ್ಲ. 'ಇನ್ಶೂರೆನ್ಸ್ ಇದೆ ಅಲ್ವಾ ಸಾರ್, ಫ್ರೀಯಾಗಿ ಆಗುತ್ತೆ' ಅನ್ನುತ್ತಾರೆ.

ಬೋನಸ್ ಕಾರಿನದ್ದಲ್ಲ, ಪಾಲಿಸಿ ಹೊಂದಿದವರದ್ದು. ಹಳೆ ಕಾರು ಮಾರಿದರೆ ಕಂಪನಿಯಿಂದ ಪತ್ರ ಪಡೆದು ಹೊಸ ಕಾರಿಗೆ ಹಾಕಿಸಿಕೊಳ್ಳಬಹುದು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಹೋಯಿತು. ಇನ್ನು ಕಂಪನಿ ಬದಲಿಸುವಾಗ ಹಿಂದಿನ ಕ್ಲೇಮ್ ಮುಚ್ಚಿಟ್ಟು ಬೋನಸ್ ಕೇಳುವ ಜಾಣರಿದ್ದಾರೆ. ಸಿಕ್ಕಿಬಿದ್ದರೆ ಓನ್ ಡ್ಯಾಮೇಜ್ ಕ್ಲೇಮೇ ಕೈತಪ್ಪಬಹುದು. ಅಷ್ಟಾದರೂ ಇದು ಡ್ರೈವರ್ ಲೆಕ್ಕ ಅಲ್ಲ, ಮಾಲೀಕರ ಲೆಕ್ಕ. ಮಗ ಗುದ್ದಿದರೂ ಬೋನಸ್ ಹೋಗುವುದು ಅಪ್ಪನದ್ದು.

ಕ್ಯಾಲಿಫೋರ್ನಿಯಾದಲ್ಲಿ ಇದು ತಲೆಕೆಳಗು. ಅಲ್ಲಿನ ಮತದಾರರು 1988ರಲ್ಲಿ ಪ್ರೊಪೊಸಿಷನ್ 103 ಅನ್ನುವ ಕಾನೂನನ್ನು ಪಾಸು ಮಾಡಿದರು. ದರ ಹಾಕುವಾಗ ಮೊದಲು ಚಾಲನೆಯ ದಾಖಲೆ, ಆಮೇಲೆ ವರ್ಷಕ್ಕೆ ಓಡಿಸುವ ಮೈಲಿ, ಮೂರನೆಯದಾಗಿ ಎಷ್ಟು ವರ್ಷದ ಅನುಭವ. ಕಾರಿನ ವಿವರಕ್ಕೆ ಸರದಿ ಬರುವುದು ಇವೆಲ್ಲ ಆದ ಮೇಲೆ. ಬೇ ಏರಿಯಾಕ್ಕೆ ಹೋದ ನಮ್ಮ ಹುಡುಗರಿಗೆ ಮೊದಲ ವರ್ಷ ಪ್ರೀಮಿಯಂ ನೋಡಿ ಎದೆ ಧಸಕ್ಕೆನ್ನುವುದು ಇದರಿಂದಲೂ ಹೌದು. ಯುರೋಪಿನಲ್ಲಿ ಹೆಣ್ಣುಮಕ್ಕಳಿಗೆ ಕಡಿಮೆ ದರ ಇರುತ್ತಿತ್ತು. ಅಲ್ಲಿನ ನ್ಯಾಯಾಲಯ 2011ರಲ್ಲಿ ಅದು ಸಮಾನತೆಗೆ ವಿರುದ್ಧ ಅಂದಿತು. 2012ರ ಡಿಸೆಂಬರ್ 21ರಿಂದ ಹೊಸ ಪಾಲಿಸಿಗಳಲ್ಲಿ ಆ ವ್ಯತ್ಯಾಸ ನಿಂತಿತು.

ನಮ್ಮಲ್ಲೂ ಪ್ರಯತ್ನ ಆಗಿಲ್ಲ ಅಂತೇನಿಲ್ಲ. ಸಿಗ್ನಲ್ ಜಂಪ್, ಕುಡಿದು ಓಡಿಸುವುದು ಇವಕ್ಕೆಲ್ಲ ಅಂಕ ಕೊಟ್ಟು ಅದರ ಮೇಲೆ ಹೆಚ್ಚುವರಿ ಪ್ರೀಮಿಯಂ ಹಾಕುವ ಕರಡು ವರದಿಯನ್ನು ಐಆರ್‌ಡಿಎಐ 2021ರ ಜನವರಿಯಲ್ಲಿ ಮುಂದಿಟ್ಟಿತು. ಕುಡಿದು ಓಡಿಸಿದರೆ 100 ಅಂಕ, ತಪ್ಪು ಜಾಗದಲ್ಲಿ ನಿಲ್ಲಿಸಿದರೆ 10. ಮಜಾ ಏನೆಂದರೆ ಅಲ್ಲೂ ಹೊರೆ ಬೀಳುವುದು ಗಾಡಿಯ ಮಾಲೀಕರ ತಲೆಗೇ.

2022ರ ಜುಲೈನಲ್ಲಿ ಬೇರೆ ಬಾಗಿಲು ತೆರೆಯಿತು. ಎಷ್ಟು ಓಡಿಸುತ್ತೀರಿ, ಹೇಗೆ ಓಡಿಸುತ್ತೀರಿ ಅನ್ನುವುದರ ಮೇಲೆ ದರ ಹಾಕುವ ಆಡ್‌ಆನ್‌ಗಳಿಗೆ ಐಆರ್‌ಡಿಎಐ ಒಪ್ಪಿಗೆ ಕೊಟ್ಟಿತು. ಆಫೀಸಿಗೆ ಮೆಟ್ರೋದಲ್ಲಿ ಹೋಗಿ, ಭಾನುವಾರ ಮಾತ್ರ ಕಾರು ತೆಗೆಯುವವರಿಗೆ ಮೊದಲನೆಯದು ಲಾಭ. ಎರಡನೆಯದಕ್ಕೆ ಗಾಡಿಯಲ್ಲಿ ಒಂದು ಉಪಕರಣ ಅಥವಾ ಫೋನಿನಲ್ಲಿ ಒಂದು ಆ್ಯಪ್ ಬೇಕು. ನೀವು ಎಷ್ಟು ಜೋರಾಗಿ ಬ್ರೇಕ್ ಹಾಕುತ್ತೀರಿ ಅಂತ ಕಂಪನಿಗೆ ತಿಳಿಸಲು ಒಪ್ಪಬೇಕು. ಉಳಿತಾಯ ಆಗುವುದು ಓನ್ ಡ್ಯಾಮೇಜ್ ಭಾಗದಲ್ಲಿ ಮಾತ್ರ. ಕಾರು ವರ್ಷವಿಡೀ ಬೇಸ್‌ಮೆಂಟಿನಲ್ಲೇ ಧೂಳು ತಿಂದರೂ ಥರ್ಡ್ ಪಾರ್ಟಿ ಮೊತ್ತ ಪೂರ್ತಿ ಕಟ್ಟಬೇಕು, ಅದರ ಮೇಲೆ ಶೇ. 18 ಜಿಎಸ್‌ಟಿ ಬೇರೆ.